ಕಾಫಿ ನೆರಳಿನ ನವರಂಗ

ದೀಪಾವಳಿಯ ಆಸುಪಾಸಿನಲ್ಲಿ, ಮಳೆ ಹಿಂದೆ ಸರಿದು ಅರೇಬಿಕಾ ಹಣ್ಣು ಕೆಂಪೇರತೊಡಗುವ ಹೊತ್ತಿಗೆ, ನಮ್ಮ ಕಳಸ ಸೀಮೆಯ ತೋಟಗಳಲ್ಲಿ ಬೆಳಗಿನ ನಸುಕಿನಲ್ಲಿ ಒಂದು ಸಿಳ್ಳು ಕೇಳಿಬರುತ್ತದೆ. ಎರಡೇ ಸ್ವರ. ತೋಟದ ಆಚೆ ಬದಿಯಿಂದ ಯಾರೋ ಹುಡುಗ ಜೊತೆಗಾರನನ್ನು ಕರೆದ ಹಾಗೆ ಇರುತ್ತದೆ. ಒಂದೆರಡು ಸಲ ಕರೆದು ಸುಮ್ಮನಾಗುತ್ತದೆ. ಅಷ್ಟರಲ್ಲಿ ಪಕ್ಕದ ತೋಟದಿಂದ ಮತ್ತೊಂದು, ಹಳ್ಳದ ಕೆಳಗಿನಿಂದ ಇನ್ನೊಂದು ಉತ್ತರ ಕೊಡುತ್ತವೆ. ಸಂಜೆ ಆರರ ಸುಮಾರಿಗೆ ಮತ್ತೆ ಅದೇ ಸಿಳ್ಳು. ಬೆಳೆಗಾರರಲ್ಲಿ ಹೆಚ್ಚಿನವರು ಈ ಸಿಳ್ಳನ್ನು ಬಲ್ಲರು. ಸಿಳ್ಳು ಹಾಕುವವರಾರೆಂದು ಕಣ್ಣಾರೆ ಕಂಡವರು ಮಾತ್ರ ಕಡಮೆ.

ಗೊಬ್ಬರ, ಬೋರರ್, ಮಾರುಕಟ್ಟೆ ದರಗಳನ್ನು ಬಿಟ್ಟು ಈ ಪತ್ರಿಕೆಯಲ್ಲಿ ಹಕ್ಕಿಯ ವಿಚಾರವೇಕೆ ಎಂದು ಕೆಲವು ಸದಸ್ಯ ಬಾಂಧವರು ಕೇಳಬಹುದು. ಈ ಹಕ್ಕಿ ವರ್ಷದಲ್ಲಿ ಆರು ತಿಂಗಳು ನಮ್ಮ ತೋಟದ ನೆಲವನ್ನೇ ನಂಬಿ ಬದುಕುವಂಥದು. ಮರದ ತುದಿಯನ್ನಾಗಲಿ ಹೂವನ್ನಾಗಲಿ ಹಣ್ಣನ್ನಾಗಲಿ ಅದು ಬಯಸುವುದಿಲ್ಲ; ಗಿಡದ ಬುಡದಲ್ಲಿ ಬಿದ್ದ ದರಗು, ದರಗಿನ ಅಡಿಯ ತೇವ, ಆ ತೇವದಲ್ಲಿರುವ ಹುಳು, ಇಷ್ಟೇ ಅದರ ಬೇಡಿಕೆ. ಆದ್ದರಿಂದ ಅದರ ಸಂಗತಿ ಹೇಳಹೊರಟರೆ ನಮ್ಮ ತೋಟದ ನೆಲದ ಸಂಗತಿಯನ್ನು ಹೇಳದೆ ಗತ್ಯಂತರವಿಲ್ಲ.

ಇದರ ಹೆಸರು ನವರಂಗ. ಗೊರವಂಕಕ್ಕಿಂತ ಚಿಕ್ಕದು, ಉದ್ದ ಒಂದು ಗೇಣಿಗೂ ಕಡಮೆ, ತೂಕ ನಾಲ್ಕೈದು ತೊಲೆ, ಎಂದರೆ ಐವತ್ತು ಅರವತ್ತು ಗ್ರಾಂ. ಮೋಟು ಬಾಲ, ಗುಂಡು ಮೈ, ಮೈಗೆ ತಕ್ಕುದಕ್ಕಿಂತ ಉದ್ದವೆನಿಸುವ ನಸುಗೆಂಪು ಕಾಲುಗಳು. ಬೆನ್ನು ಹಸಿರು. ರೆಕ್ಕೆಯ ಮೇಲೂ ಬಾಲದ ಬುಡದಲ್ಲೂ ಹೊಳೆಯುವ ನೀಲಿ. ನೆತ್ತಿ ಒಣಹುಲ್ಲಿನ ಬಣ್ಣ, ಅದರ ನಡುವೆ ಬೈತಲೆಯಂತೆ ಒಂದು ಕಪ್ಪು ಗೆರೆ; ಕಣ್ಣನ್ನು ಹಾದು ಕತ್ತಿನವರೆಗೆ ದಪ್ಪನೆಯ ಕಪ್ಪು ಪಟ್ಟಿ, ಅದರ ಮೇಲೆ ಬಿಳಿಯ ಹುಬ್ಬು. ಗಂಟಲು ಬಿಳಿ, ಎದೆ ಹಳದಿಗಂದು, ಹೊಟ್ಟೆಯ ಕೆಳಗೆ ಬಾಲದ ಅಡಿಯವರೆಗೆ ಕುಂಕುಮ ಚೆಲ್ಲಿದಂಥ ಕೆಂಪು. ಹಾರಿದಾಗ ರೆಕ್ಕೆಯಲ್ಲೊಂದು ಬಿಳಿಯ ಮಚ್ಚೆ ಮಿಂಚಿ ಮಾಯವಾಗುತ್ತದೆ. ಕುಳಿತು ಎಣಿಸಿದರೆ ಒಂಬತ್ತು ಬಣ್ಣ ಸಿಕ್ಕಿಯೇ ಸಿಗುವುದೆಂದು ನಾವು ಪಣ ತೊಡುವುದಿಲ್ಲ; ಹೆಸರಿಟ್ಟವರು ಉದಾರವಾಗಿ ಎಣಿಸಿದ್ದಾರೆ. ಗಂಡು ಹೆಣ್ಣುಗಳಲ್ಲಿ ಕಣ್ಣಿಗೆ ಕಾಣುವ ಭೇದವಿಲ್ಲ.

ಇಷ್ಟು ಬಣ್ಣ ಹೊತ್ತ ಹಕ್ಕಿ ಕಣ್ಣಿಗೇಕೆ ಬೀಳುವುದಿಲ್ಲ? ಕೆಂಪೆಲ್ಲ ಹೊಟ್ಟೆಯ ಅಡಿಯಲ್ಲಿದೆ, ನೀಲಿ ಮಡಿಸಿದ ರೆಕ್ಕೆಯ ಅಂಚಿನಲ್ಲಿದೆ. ನಮಗೆ ಬೆನ್ನು ತೋರಿಸಿ ನಿಂತರೆ ನೆರಳಿನಲ್ಲಿ ಬಿದ್ದಿರುವ ಹಸಿರೆಲೆ, ಎದೆ ತೋರಿಸಿ ನಿಂತರೆ ಒಣಗಿದ ಅತ್ತಿಯೆಲೆ. ಸಾಲದುದಕ್ಕೆ ಆಳು ಹತ್ತಿರ ಬಂದರೆ ಇದು ಬೇರೆ ಹಕ್ಕಿಗಳಂತೆ ಗಾಬರಿಯಿಂದ ಹಾರುವುದಿಲ್ಲ. ನಾಲ್ಕು ಹೆಜ್ಜೆ ಕುಪ್ಪಳಿಸಿ ಗಿಡದ ಮರೆಗೆ ಸರಿದು, ಮೋಟು ಬಾಲವನ್ನು ಮೆಲ್ಲಗೆ ಮೇಲೆ ಕೆಳಗೆ ಆಡಿಸುತ್ತ ನಿಲ್ಲುತ್ತದೆ. ಕಂಡವರೂ ಬಹಳ ಮಂದಿ ಅದನ್ನು ಮಿಂಚುಳ್ಳಿಯೆಂದು ತಿಳಿಯುತ್ತಾರೆ. ಮಿಂಚುಳ್ಳಿ ನೆಲದ ಮೇಲೆ ಕುಪ್ಪಳಿಸಿ ದರಗು ಕೆದಕುವುದಿಲ್ಲವೆಂಬುದನ್ನು ನೆನಪಿಟ್ಟರೆ ಈ ತಪ್ಪು ಆಗದು.

ತಮಿಳರು ಇದನ್ನು ಆರುಮಣಿ ಕುರುವಿ ಎನ್ನುತ್ತಾರೆ, ಆರು ಗಂಟೆಯ ಹಕ್ಕಿ. ಕೈಗಡಿಯಾರವಿಲ್ಲದ ಕಾಲದಲ್ಲಿ ತೋಟದ ಕೆಲಸಗಾರರಿಗೆ ಇದಕ್ಕಿಂತ ಒಪ್ಪುವ ಹೆಸರು ಬೇರೆ ಸಿಗುತ್ತಿರಲಿಲ್ಲ. ವಿಜ್ಞಾನದ ಹೆಸರಿನ ಕಥೆ ಇನ್ನೂ ಸ್ವಾರಸ್ಯದ್ದು. ಸ್ವೀಡನ್ನಿನ ಲಿನೇಯಸ್ 1766ರಲ್ಲಿ ಇದಕ್ಕೆ ಹೆಸರಿಡುವಾಗ ಕಾಗೆಯ ಕುಲಕ್ಕೆ ಸೇರಿಸಿದ್ದನು! 1816ರಲ್ಲಿ ಫ್ರಾನ್ಸಿನ ವಿಯೆಯೋ ಇದರ ಬಂಧುಗಳಿಗೆ 'ಪಿಟ್ಟ' ಎಂಬ ಪ್ರತ್ಯೇಕ ಕುಲವನ್ನು ಏರ್ಪಡಿಸಿದನು. ಪಿಟ್ಟ ಎಂಬುದು ತೆಲುಗಿನ ಮಾತು, ಹಕ್ಕಿ ಎಂದೇ ಅರ್ಥ. ಹೀಗೆ ಆಫ್ರಿಕಾದಿಂದ ಆಸ್ಟ್ರೇಲಿಯದವರೆಗೆ ಹಬ್ಬಿರುವ ನಲವತ್ತು ಚಿಲ್ಲರೆ ಬಗೆಯ ಹಕ್ಕಿಗಳ ಇಡೀ ಮನೆತನಕ್ಕೆ ನಮ್ಮ ನೆರೆಯ ಆಂಧ್ರದ ಹಳ್ಳಿಗರ ಮಾತು ನಿಂತಿದೆ. ಈ ಮನೆತನ ಕೋಗಿಲೆಯ ಹಾಗೂ ಅಲ್ಲ, ಮಡಿವಾಳದ ಹಾಗೂ ಅಲ್ಲ. ಮಡಿವಾಳ, ಪಿಕಳಾರದಂಥ ಹಾಡುಹಕ್ಕಿಗಳ ಮರಿಗಳು ಹಿರಿಯರನ್ನು ಕೇಳಿ ಕೇಳಿ ಹಾಡು ಕಲಿಯುತ್ತವೆ; ಪಿಟ್ಟಗಳ ಗಂಟಲಿನ ರಚನೆ ಅಷ್ಟು ಜಟಿಲವಲ್ಲ, ಅವುಗಳ ಸಿಳ್ಳು ಹುಟ್ಟಿನಿಂದಲೇ ಬಂದ ಸ್ವತ್ತು. ಆ ಲೆಕ್ಕದಲ್ಲಿ ಪಂಡಿತರು ನವರಂಗವನ್ನು ಹಾಡುಹಕ್ಕಿಗಳ ಪಂಕ್ತಿಯಲ್ಲಿ ಕೂರಿಸುವುದಿಲ್ಲ. ಬೆಳಗಿನ ಜಾವ ತೋಟದ ಮನೆಯ ಜಗಲಿಯಲ್ಲಿ ಕಾಫಿ ಕುಡಿಯುತ್ತ ಅದನ್ನು ಕೇಳಿದವರಿಗೆ ಈ ಭೇದದಿಂದ ನಷ್ಟವೇನಿಲ್ಲ.

ಇನ್ನು ಇದು ಎಲ್ಲಿಂದ ಬರುತ್ತದೆ ಎಂಬ ವಿಷಯ. ನವರಂಗ ನಮ್ಮಲ್ಲಿ ಚಳಿಗಾಲ ಕಳೆಯುವ ಅತಿಥಿ. ಮರಿ ಮಾಡುವ ಅದರ ಸೀಮೆ ಬಹುಪಾಲು ಉತ್ತರದಲ್ಲಿದೆ: ಹಿಮಾಲಯದ ಬುಡದ ಬೆಟ್ಟಗಳು, ನೇಪಾಳದ ತರಾಯಿ, ಮಧ್ಯಪ್ರದೇಶದ ಸಾತ್ಪುಡ ಶ್ರೇಣಿ, ಗುಜರಾತಿನ ಗಿರ್ ಕಾಡು. ಸಾತ್ಪುಡದಿಂದ ಕಳಸಕ್ಕೆ ನೇರ ಗೆರೆ ಎಳೆದರೂ ಸುಮಾರು 1,000 ಕಿಲೋಮೀಟರ್. ಕುಮಾವೋನಿನ ತಪ್ಪಲಿನಿಂದಾದರೆ 1,800. ಐದು ತೊಲೆಯ ಹಕ್ಕಿ, ಗಿಡ್ಡನೆಯ ದುಂಡು ರೆಕ್ಕೆ, ದಿನವೆಲ್ಲ ನೆಲದ ಮೇಲೆ ಕುಪ್ಪಳಿಸುವ ಜಾತಿ. ಹಗಲಿನಲ್ಲಿ ಅದು ಹತ್ತು ಮಾರು ಹಾರುವುದನ್ನು ಕಂಡವರು ಈ ದೂರವನ್ನು ನಂಬಲಾರರು. ಆದರೆ ಅದು ಪ್ರಯಾಣ ಮಾಡುವುದು ರಾತ್ರಿ. ಕತ್ತಲಾದ ಮೇಲೆ ಎದ್ದು ರಾತ್ರಿಯೆಲ್ಲ ಹಾರಿ, ಬೆಳಗಾಗುವ ಹೊತ್ತಿಗೆ ಎಲ್ಲಿ ಮರ, ಪೊದೆ, ನೆರಳು ಕಂಡಿತೋ ಅಲ್ಲಿ ಇಳಿದು ಮೇಯುತ್ತದೆ. ಮೈಯಲ್ಲಿ ಕೊಬ್ಬು ಕೂಡಿಸಿಕೊಂಡು ಮತ್ತೆ ಹೊರಡುತ್ತದೆ. ಹೀಗೆ ಹಂತ ಹಂತವಾಗಿ ದಕ್ಷಿಣಕ್ಕೆ ಬಂದು ಕೆಲವು ನಮ್ಮ ಘಟ್ಟಗಳಲ್ಲಿ ನಿಲ್ಲುತ್ತವೆ, ಕೆಲವು ಕೇರಳ ತಮಿಳುನಾಡುಗಳಿಗೆ ಹೋಗುತ್ತವೆ, ಇನ್ನು ಕೆಲವು ಕಡಲನ್ನೂ ದಾಟಿ ಶ್ರೀಲಂಕಾ ಸೇರುತ್ತವೆ.

ಇಲ್ಲಿ ಇಷ್ಟು ಅನುಕೂಲವಿರುವಾಗ ಮರಿ ಮಾಡಲು ಅಷ್ಟು ದೂರ ಹೋಗುವುದೇಕೆಂದು ಯಾರಾದರೂ ಕೇಳಿಯಾರು. ಬೇಸಗೆಯಲ್ಲಿ ಸುಟ್ಟು ಒಣಗಿದ ಉತ್ತರದ ಕಾಡಿಗೆ ಜೂನ್ ತಿಂಗಳಲ್ಲಿ ಮಳೆ ಬಿದ್ದೊಡನೆ ನೆಲದಿಂದ ಹುಳುಹುಪ್ಪಟೆ ಉಕ್ಕಿಬರುತ್ತದೆ. ಹಗಲೂ ದೀರ್ಘ. ನಾಲ್ಕೈದು ಮರಿಗಳ ಬಾಯಿಗೆ ತುತ್ತು ಹಾಕಬೇಕಾದ ತಂದೆತಾಯಿಗೆ ಇದಕ್ಕಿಂತ ಸುಗ್ಗಿ ಬೇರಿಲ್ಲ. ಅದೇ ಜೂನ್ ಜುಲೈನಲ್ಲಿ ನಮ್ಮ ತೋಟದ ನೆಲ ಹೇಗಿರುತ್ತದೆಂದು ಸದಸ್ಯರಿಗೆ ಹೇಳಬೇಕಾಗಿಲ್ಲ. ನವರಂಗ ಅಲ್ಲಿ ನೆಲದ ಮೇಲೋ ತಗ್ಗಿನ ಕವಲಿನಲ್ಲೋ ಕಡ್ಡಿ, ಒಣಎಲೆ, ಹುಲ್ಲುಗಳಿಂದ ಚೆಂಡಿನಂತಹ ದೊಡ್ಡ ಗೂಡು ಕಟ್ಟಿ, ಪಕ್ಕದಲ್ಲಿ ಬಾಗಿಲಿಟ್ಟು, ಹೊಳಪಿನ ಬಿಳಿ ಮೊಟ್ಟೆಗಳನ್ನಿಡುತ್ತದೆ. ಗೂಡು ಕಟ್ಟುವುದು, ಕಾವು ಕೂರುವುದು, ಮರಿ ಸಾಕುವುದು ಎಲ್ಲವೂ ಗಂಡು ಹೆಣ್ಣಿನ ಪಾಲುಗಾರಿಕೆ. ಮಳೆ ಮುಗಿದು ಅಲ್ಲಿಯ ನೆಲ ಒಣಗಿ ಗಟ್ಟಿಯಾಗುವಾಗ ಇಲ್ಲಿಯ ನೆಲ ಹದಕ್ಕೆ ಬಂದಿರುತ್ತದೆ. ಒಟ್ಟಿನಲ್ಲಿ ಈ ಹಕ್ಕಿ ವರ್ಷವಿಡೀ ತೇವದ ನೆಲವನ್ನು ಹಿಂಬಾಲಿಸಿಕೊಂಡು ಓಡಾಡುತ್ತದೆ ಎನ್ನಬಹುದು.

ಅಕ್ಟೋಬರ್ ನಡುವಿನಿಂದ ನವೆಂಬರಿನೊಳಗೆ ಬಂದಿಳಿದ ಹಕ್ಕಿ ತನಗೆ ಬೇಕಾದಷ್ಟು ಜಾಗವನ್ನು ಹಿಡಿದು ಒಂಟಿಯಾಗಿ ನಿಲ್ಲುತ್ತದೆ. ಬೆಳಗು ಸಂಜೆಯ ಸಿಳ್ಳು ಅಕ್ಕಪಕ್ಕದವರಿಗೆ ಗಡಿ ತಿಳಿಸುವ ಕೂಗು. ನಮ್ಮಲ್ಲಿ ಬೇಲಿ ತಕರಾರು ಇಷ್ಟು ಸುಲಭದಲ್ಲಿ ಇತ್ಯರ್ಥವಾಗುವಂತಿದ್ದರೆ ಎಷ್ಟು ಚೆನ್ನಾಗಿತ್ತು! ಹಗಲೆಲ್ಲ ಕಾಫಿ ಗಿಡದ ಕೆಳಗೆ, ತೊಟ್ಟಿಲು ಗುಂಡಿಗಳ ಅಂಚಿನಲ್ಲಿ, ಹಳ್ಳದ ಬದಿಯಲ್ಲಿ, ಏಲಕ್ಕಿ ಹಿಂಡಿಲುಗಳ ನಡುವೆ ಮೇವು. ಕೊಕ್ಕಿನಿಂದ ದರಗನ್ನು ಒಂದೊಂದೇ ಮಗುಚಿ ಜೀರುಂಡೆ, ಗೆದ್ದಲು, ಇರುವೆ, ಮರಿಹುಳು, ಎರೆಹುಳುಗಳನ್ನು ಹೆಕ್ಕುತ್ತದೆ. ರಾತ್ರಿ ಪೊದೆಯಲ್ಲಿ ಅಥವಾ ಮರದ ಕೊಂಬೆಯಲ್ಲಿ ವಾಸ. ಹೂ ಬಿಡಿಸಲು ಸ್ಪ್ರಿಂಕ್ಲರ್ ಹಾಕಿದ ಬ್ಲಾಕಿನಲ್ಲಿ ಮರುದಿನ ಬೆಳಿಗ್ಗೆ ಸದ್ದಿಲ್ಲದೆ ಹೋಗಿ ನಿಂತರೆ ಇದನ್ನು ಕಾಣುವ ಅವಕಾಶ ಹೆಚ್ಚೆಂಬುದು ನಮ್ಮ ಅನುಭವ. ಹೂಮಳೆ, ಬ್ಯಾಕಿಂಗ್ ಮಳೆ ಮುಗಿದು ಏಪ್ರಿಲ್ ಕೊನೆ, ಮೇ ತಿಂಗಳಾಗುವಾಗ ಒಂದು ದಿನ ಸಿಳ್ಳು ನಿಂತುಹೋಗಿರುತ್ತದೆ.

ಇದನ್ನು 'ರೈತನ ಮಿತ್ರ' ಎಂದು ಕರೆದು ಮುಗಿಸುವುದು ಸುಲಭ. ಹಾಗೆ ಬರೆಯುವ ರೂಢಿಯೂ ಇದೆ. ನಾವು ಹಾಗೆ ಬರೆಯುವುದಿಲ್ಲ. ನವರಂಗ ಕೆಟ್ಟ ಹುಳುವನ್ನು ಆರಿಸಿ ತಿಂದು ಒಳ್ಳೆಯದನ್ನು ಬಿಡುವುದಿಲ್ಲ. ನಮಗೆ ಬೇಕಾದ ಎರೆಹುಳುವನ್ನೂ ತಿನ್ನುತ್ತದೆ. ಕಾಯಿಕೊರಕವನ್ನಾಗಲಿ ಬಿಳಿ ಕಾಂಡಕೊರಕವನ್ನಾಗಲಿ ಅದು ನಿವಾರಿಸಿಕೊಟ್ಟೀತೆಂದು ಕಾಯುವಂತಿಲ್ಲ. ಅದರ ಉಪಯೋಗ ಬೇರೆ ಬಗೆಯದು. ದರಗು ಕೊಳೆಯುವ, ಅಡಿಯಲ್ಲಿ ತೇವ ನಿಲ್ಲುವ, ಹುಳು ಹರಿದಾಡುವ ನೆಲ ಎಲ್ಲಿದೆಯೋ ಅಲ್ಲಿ ನವರಂಗ ನಿಲ್ಲುತ್ತದೆ. ಅಂಥ ನೆಲವೇ ಬೇಸಗೆಯಲ್ಲಿ ಕಾಫಿ ಬೇರನ್ನು ಕಾಯುವ ನೆಲ. ಮಣ್ಣು ಪರೀಕ್ಷೆಗೆ ಚೀಲ ಕಳುಹಿಸಿ ಕಾಯುವ ಮುನ್ನ ಸಂಜೆ ಆರಕ್ಕೆ ಜಗಲಿಯಲ್ಲಿ ಕಿವಿಗೊಟ್ಟು ಕೂತರೂ ನಮ್ಮ ನೆಲದ ವಿಷಯ ಸ್ವಲ್ಪ ತಿಳಿಯುತ್ತದೆ.

ಈ ನೆಲ ಈಗ ಎರಡು ಕಡೆಯಿಂದ ಒತ್ತಡಕ್ಕೆ ಸಿಕ್ಕಿದೆ. ಮೊದಲನೆಯದು ಕಳೆನಾಶಕ. ಆಳು ಸಿಗುವುದಿಲ್ಲ, ಸಿಕ್ಕರೂ ಸಂಬಳ ಕೊಟ್ಟು ಪೂರೈಸುವುದಿಲ್ಲ, ಮಳೆಗಾಲ ಮುಗಿಯುತ್ತಲೇ ಎದೆಯುದ್ದ ನಿಂತ ಕಳೆಯನ್ನು ಕೊಯ್ಲಿಗೆ ಮುನ್ನ ತೆಗೆಯಲೇಬೇಕು. ಎರಡು ಮೂರು ಎಕರೆಯ ಬೆಳೆಗಾರನಿಗೆ ಇದು ಎಂಥ ಸಂಕಟವೆಂದು ಸಂಘದ ಲೆಕ್ಕಪುಸ್ತಕ ನೋಡುವ ನಮಗೆ ಗೊತ್ತು. ಕಳೆ ಹೊಡೆಸುವವರನ್ನು ಬಿಟ್ಟು ಪಂಪು ಬೆನ್ನಿಗೇರಿಸಿದವರನ್ನು ದೂರುವ ಇಚ್ಛೆ ನಮಗಿಲ್ಲ. ಆದರೆ ಔಷಧಿ ಹೊಡೆದ ಇಳಿಜಾರು ಹದಿನೈದು ದಿನದಲ್ಲಿ ಕೆಂಪಗೆ ಬೋಳಾಗಿ ಕಾಣುತ್ತದೆ. ಬೇರಿನ ಹಿಡಿತವಿಲ್ಲದ ಮೇಲ್ಮಣ್ಣು ಮುಂದಿನ ಮಳೆಗೆ ಭದ್ರೆಯ ಪಾಲು. 2019ರ ಆಗಸ್ಟಿನ ಮಳೆಯಲ್ಲಿ ಈ ತಾಲೂಕುಗಳ ಗುಡ್ಡಗಳು ಹೇಗೆ ಕುಸಿದವೆಂಬುದನ್ನು ಕಂಡ ಮೇಲೆ ಮಣ್ಣಿನ ವಿಷಯದಲ್ಲಿ ಯಾರೂ ಉದಾಸೀನರಾಗಲಾರರು. ಕಳೆಯ ಮರೆ ಹೋದಲ್ಲಿ ನವರಂಗವೂ ನಿಲ್ಲುವುದಿಲ್ಲ, ಬಯಲಿಗೆ ಬಂದು ಮೇಯುವ ಹಕ್ಕಿ ಅದಲ್ಲ. ಗ್ಲೈಫೊಸೇಟನ್ನು ಪರವಾನಗಿಯುಳ್ಳ ಕೀಟನಿಯಂತ್ರಣ ನಿರ್ವಾಹಕರ ಮೂಲಕವಲ್ಲದೆ ಬಳಸಕೂಡದೆಂದು ಕೇಂದ್ರ ಸರಕಾರ 2022ರ ಅಕ್ಟೋಬರಿನಲ್ಲಿ ಆಜ್ಞೆ ಹೊರಡಿಸಿದ್ದನ್ನೂ ಸದಸ್ಯರು ಗಮನದಲ್ಲಿಡಬೇಕು.

ಎರಡನೆಯದು ನೆರಳು. 2024ರಲ್ಲಿ ರೊಬಸ್ಟಾ ಬೆಲೆ ಹಿಂದೆಂದೂ ಕಾಣದ ಎತ್ತರಕ್ಕೆ ಏರಿದಾಗ ಅರೇಬಿಕಾ ಕಿತ್ತು ರೊಬಸ್ಟಾ ಹಾಕುವ, ಮರಗಸಿ ಎಂದು ಹೇಳಿ ಮರವನ್ನೇ ಬೋಳಿಸುವ ಹುರುಪು ಎಲ್ಲ ಕಡೆ ಕಾಣಿಸಿಕೊಂಡಿತು. ಅತ್ತಿ, ಬಸರಿ, ಹಲಸು, ನಂದಿ ಮರಗಳಿದ್ದಲ್ಲಿ ಮೆಣಸಿನ ಬಳ್ಳಿಗೆ ಅನುಕೂಲವೆಂದು ಬರೀ ಸಿಲ್ವರ್ ಓಕ್ ನಿಂತಿದೆ. ಸಿಲ್ವರಿನಿಂದ ಆದಾಯವಿಲ್ಲವೆಂದು ನಾವು ಹೇಳುವುದಿಲ್ಲ. ಬಗೆಬಗೆಯ ಮರಗಳ ಎಲೆ ಬಿದ್ದಲ್ಲಿ ಒಂದು ಬೇಗ ಕೊಳೆಯುತ್ತದೆ, ಒಂದು ನಿಧಾನವಾಗಿ; ನೆಲಕ್ಕೆ ವರ್ಷವಿಡೀ ಹೊದಿಕೆ ಇರುತ್ತದೆ. ಒಂದೇ ಜಾತಿಯ ಮರದಿಂದ ಆ ಹೊದಿಕೆ ಸಿಗುವುದಿಲ್ಲ. ಬಿಸಿಲು ಬಿದ್ದ ಅರೇಬಿಕಾ ಗಿಡಕ್ಕೆ ಬಿಳಿ ಕಾಂಡಕೊರಕ ಬೇಗ ಬೀಳುತ್ತದೆಂದು ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರದವರು ಹೇಳುತ್ತ ಬಂದಿರುವುದೂ ಈ ನೆರಳಿನ ಮಾತೇ. ಆ ಕೊರಕಕ್ಕೆಂದು ಕಾಂಡಕ್ಕೆ ಬಳಿಯುತ್ತಿದ್ದ ಬಿ.ಎಚ್.ಸಿ. 1997ರಲ್ಲಿ ನಿಷೇಧವಾಯಿತು, ಅದರ ಬದಲಿಗೆ ಬಂದ ಲಿಂಡೇನೂ ಆಮೇಲೆ ನಿಂತಿತು. ನೆರಳಿನ ಮೇಲೆ ಮಾತ್ರ ಯಾವ ಸರಕಾರವೂ ನಿಷೇಧ ಹಾಕಿಲ್ಲ.

ಅಡಿಕೆ ತೋಟದ ಮಾತು ಸ್ವಲ್ಪ ಬೇರೆ. ಎಲೆಚುಕ್ಕಿ ರೋಗ, ಹಳದಿ ಎಲೆ ರೋಗಗಳಿಂದ ನಮ್ಮ ಕಡೆಯ ತೋಟಗಳು ಸೋತಿರುವಾಗ ಹಕ್ಕಿಗಾಗಿ ಹೀಗೆ ಮಾಡಿ ಹಾಗೆ ಮಾಡಿ ಎನ್ನಲು ಬಾಯಿ ಬರುವುದಿಲ್ಲ. ಸೊಪ್ಪಿನ ಬೆಟ್ಟದಿಂದ ದರಗು ತಂದು ಬುಡಕ್ಕೆ ಹಾಕುವ ಹಳೆಯ ಪದ್ಧತಿ ಉಳಿದಿರುವಲ್ಲಿ, ನಡುವೆ ಬಾಳೆ ಏಲಕ್ಕಿ ಇರುವಲ್ಲಿ, ಅಡಿಕೆಯಲ್ಲೂ ನವರಂಗವನ್ನು ನಾವು ಕಂಡಿದ್ದೇವೆ. ಬೆಟ್ಟವನ್ನು ಒಂದು ಎಲೆಯೂ ಉಳಿಯದಂತೆ ಗುಡಿಸದೆ ಅಲ್ಲಲ್ಲಿ ಬಿಟ್ಟು ತಂದರೆ ಬೆಟ್ಟಕ್ಕೂ ಒಳಿತು. ಕರ್ನಾಟಕದ ಘಟ್ಟಗಳ ಕಾಫಿ, ಅಡಿಕೆ, ರಬ್ಬರ್ ತೋಟಗಳಲ್ಲಿ ಸಂಶೋಧಕರು ನಡೆಸಿ 2016ರಲ್ಲಿ ಪ್ರಕಟಿಸಿದ ಎಣಿಕೆಯಲ್ಲಿ ಇನ್ನೂರಕ್ಕೂ ಹೆಚ್ಚು ಬಗೆಯ ಹಕ್ಕಿಗಳು ಸಿಕ್ಕಿದವು. ಮೂಡಿಗೆರೆಯ ಕಾಫಿ ಬೆಳೆಗಾರರೇ ಆಗಿದ್ದ ಪೂರ್ಣಚಂದ್ರ ತೇಜಸ್ವಿಯವರು ಕ್ಯಾಮರಾ ಹಿಡಿದು ತೋಟದ ಹಕ್ಕಿಗಳ ಹಿಂದೆ ಕೂತಾಗ ಸುತ್ತಲಿನವರಿಗೆ ಅದೊಂದು ಹವ್ಯಾಸವೆನಿಸಿರಬಹುದು. ನಮ್ಮ ತೋಟಗಳಲ್ಲಿ ಇಷ್ಟೆಲ್ಲ ಇದೆಯೆಂದು ಕನ್ನಡದಲ್ಲಿ ತೋರಿಸಿಕೊಟ್ಟವರು ಅವರು.

ಮಾಡಬಹುದಾದ ಕೆಲಸ ದೊಡ್ಡದೇನಲ್ಲ. ಹಳ್ಳದ ಎರಡೂ ಬದಿಯಲ್ಲಿ ಎರಡು ಮಾರು ಅಗಲಕ್ಕೆ ಔಷಧಿ ಹೊಡೆಯದೆ ಬಿಡುವುದು. ಆ ನೀರನ್ನು ಕೆಳಗಿನ ಮನೆಯವರು ಕುಡಿಯುತ್ತಾರೆಂಬ ಕಾರಣವೊಂದೇ ಇದಕ್ಕೆ ಸಾಕು. ಇಡೀ ತೋಟದ ಕಳೆಯನ್ನು ಒಂದೇ ವಾರದಲ್ಲಿ ತೆಗೆಯುವ ಬದಲು ಸಾಲು ಬಿಟ್ಟು ಸಾಲು ಹೊಡೆಸಿ, ಕಡಿದ ಕಳೆಯನ್ನು ಬುಡಕ್ಕೇ ಹಾಸಿದರೆ ಹಕ್ಕಿಗೆ ಸರಿದು ನಿಲ್ಲಲು ಜಾಗ ಉಳಿಯುತ್ತದೆ, ಗೊಬ್ಬರವೂ ಆಗುತ್ತದೆ. ದರಗಿಗೆ ಬೆಂಕಿ ಕೊಡುವುದನ್ನಂತೂ ಬಿಡಲೇಬೇಕು.

ಇನ್ನೊಂದು ವಿಷಯ, ಪ್ರತಿವರ್ಷ ಸಂಘದ ಕಚೇರಿಗೆ ವಿಚಾರಣೆ ಬರುವಂಥದು. ಅಕ್ಟೋಬರ್ ನವೆಂಬರಿನಲ್ಲಿ ಯಾವುದೋ ಬೆಳಿಗ್ಗೆ ಜಗಲಿಯಲ್ಲಿ, ಕಣದಲ್ಲಿ, ಗೋದಾಮಿನ ಬಾಗಿಲಲ್ಲಿ ಬಣ್ಣದ ಹಕ್ಕಿಯೊಂದು ಬಿದ್ದಿರುತ್ತದೆ. ಮುಟ್ಟಿದರೂ ಹಾರುವುದಿಲ್ಲ. ಇದು ರಾತ್ರಿಯೆಲ್ಲ ಹಾರಿ ದಣಿದು, ದೀಪದ ಬೆಳಕಿಗೆ ದಿಕ್ಕು ತಪ್ಪಿ ಗೋಡೆಗೋ ಗಾಜಿಗೋ ಬಡಿದ ನವರಂಗ. ನೀರನ್ನು ಕೊಕ್ಕಿಗೆ ಹೊಯ್ಯಬೇಡಿ, ಅದು ಉಸಿರಿನ ನಾಳಕ್ಕೆ ಹೋದೀತು. ಅನ್ನ ರೊಟ್ಟಿ ತುರುಕಬೇಡಿ. ಗಾಳಿಯಾಡಲು ತೂತು ಮಾಡಿದ ರಟ್ಟಿನ ಪೆಟ್ಟಿಗೆಯಲ್ಲಿ ಹಳೆಯ ಬಟ್ಟೆ ಹಾಸಿ, ಹಕ್ಕಿಯನ್ನು ಅದರೊಳಗಿಟ್ಟು ಮುಚ್ಚಿ, ಬೆಕ್ಕು ನಾಯಿ ಮಕ್ಕಳ ಕೈಗೆ ಸಿಗದಂತೆ ಕತ್ತಲೆಯ ಮೂಲೆಯಲ್ಲಿಡಿ. ಪೆಟ್ಟಾಗದಿದ್ದರೆ ಕೆಲವು ಗಂಟೆಗಳಲ್ಲಿ ಚೇತರಿಸಿಕೊಂಡು ಪೆಟ್ಟಿಗೆಯೊಳಗೆ ಓಡಾಡುವ ಸದ್ದು ಕೇಳುತ್ತದೆ. ಆಗ ಕಾಫಿ ಗಿಡಗಳ ನೆರಳಿಗೆ ಕೊಂಡೊಯ್ದು ಮುಚ್ಚಳ ತೆಗೆದರೆ ಸಾಕು. ರೆಕ್ಕೆ ಮುರಿದಿದ್ದರೆ ಅರಣ್ಯ ಇಲಾಖೆಯವರಿಗೆ ತಿಳಿಸಿ. ಚೆಂದದ ಹಕ್ಕಿಯೆಂದು ಪಂಜರಕ್ಕೆ ಹಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅಪರಾಧ.

ಹೋಮ್‌ಸ್ಟೇ ನಡೆಸುವ ಸದಸ್ಯರಿಗೆ ಒಂದು ಮಾತು. ಆ ಎರಡು ತಿಂಗಳಾದರೂ ರಾತ್ರಿ ಹತ್ತರ ಮೇಲೆ ಅಂಗಳದ ದೊಡ್ಡ ದೀಪಗಳನ್ನು ಆರಿಸಿ, ಕಾಡಿಗೆ ಮುಖಮಾಡಿದ ದೊಡ್ಡ ಗಾಜುಗಳಿಗೆ ಪರದೆ ಎಳೆಯಿರಿ. ಹಕ್ಕಿ ತೋರಿಸಿ ಎಂದು ಬರುವ ಅತಿಥಿಗಳು ಮೊಬೈಲಿನಲ್ಲಿ ನವರಂಗದ ಸಿಳ್ಳನ್ನು ಹಾಕಿ ಅದನ್ನು ಹೊರಗೆಳೆಯುವುದುಂಟು. ತನ್ನ ಗಡಿಯೊಳಗೆ ಯಾರೋ ಬಂದರೆಂದು ಮೇವು ಬಿಟ್ಟು ಓಡಿಬರುತ್ತದೆ, ಪಾಪ. ಒಂದು ಸಲವಾದರೆ ಹೋಗಲಿ, ದಿನಕ್ಕೆ ಹತ್ತು ಸಲವಾದರೆ ಅದು ಆ ಜಾಗವನ್ನೇ ಬಿಟ್ಟೀತು. ಸಂಜೆ ಐದೂಮುಕ್ಕಾಲಿಗೆ ಹಳ್ಳದ ಬದಿಯಲ್ಲಿ ಸದ್ದಿಲ್ಲದೆ ಕುಳಿತುಕೊಳ್ಳಲು ಹೇಳಿ, ತಾಳ್ಮೆಯಿದ್ದವರಿಗೆ ಕಾಣುತ್ತದೆ.

ಈ ವರ್ಷ ಮೊದಲ ಸಿಳ್ಳು ಕೇಳಿದ ದಿನಾಂಕ, ಬ್ಲಾಕಿನಲ್ಲಿರುವುದು ಅರೇಬಿಕಾವೋ ರೊಬಸ್ಟಾವೋ ಅಡಿಕೆಯೋ ಎಂಬುದು, ಮೇ ತಿಂಗಳಲ್ಲಿ ಕೊನೆಯ ಸಿಳ್ಳು ಕೇಳಿದ ದಿನ, ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಗೊಬ್ಬರಕ್ಕೆ ಬಂದಾಗ ಕಚೇರಿಯಲ್ಲಿ ಕೊಡಬೇಕೆಂದು ಸದಸ್ಯರನ್ನು ಕೋರುತ್ತೇವೆ. ಮನೆಯ ಶಾಲಾಮಕ್ಕಳಿಗೆ ಈ ಕೆಲಸ ಒಪ್ಪಿಸಿದರೆ ಇನ್ನೂ ಚೆನ್ನ. ಬಂದ ಚೀಟಿಗಳನ್ನು ಊರುವಾರು ಜೋಡಿಸಿ ಜೂನ್ ಸಂಚಿಕೆಯಲ್ಲಿ, ಮಳೆಯ ಅಂಕಿಸಂಖ್ಯೆಗಳ ಪಕ್ಕದಲ್ಲೇ ಅಚ್ಚು ಹಾಕುತ್ತೇವೆ.